ಕೋಳಿ ಅಡುಗೆಯಲ್ಲಿ ಒಂದು ವೈನ್ ಬದಲು ಇನ್ನೊಂದು: ಹೊಸಬರಿಗೊಂದು ಪರಿಚಯ

ಯೂರೋಪಿನದೋ ಚೀನಾದ್ದೋ ಒಂದು ಕೋಳಿ ಅಡುಗೆ ಮಾಡಿ ನೋಡೋಣ ಎಂದು ಹೊರಡುತ್ತೀರಿ. ಕೋಳಿ, ಈರುಳ್ಳಿ, ಬೆಳ್ಳುಳ್ಳಿ, ಅಣಬೆ, ಬೆಣ್ಣೆ ಎಲ್ಲ ಮನೆಯಲ್ಲಿವೆ. ಆದರೆ ಸಾಮಗ್ರಿ ಪಟ್ಟಿಯ ನಡುವೆ ‘ಮಾರ್ಸಾಲಾ 180 ಮಿ.ಲೀ.’ ಎಂದೋ ‘ಬರ್ಗಂಡಿ ವೈನ್ ಒಂದು ಬಾಟಲಿ’ ಎಂದೋ ಇರುತ್ತದೆ. ಅಲ್ಲಿಗೆ ಕೈ ನಿಲ್ಲುತ್ತದೆ. ಹತ್ತಿರದ ಅಂಗಡಿಯಲ್ಲಿ ಆ ಹೆಸರಿನ ಬಾಟಲಿ ಸಿಗುವುದಿಲ್ಲ, ಸಿಕ್ಕರೂ ಒಂದು ಹೊತ್ತಿನ ಅಡುಗೆಗೆ ಅಷ್ಟು ದುಡ್ಡು ಹಾಕಲು ಮನಸ್ಸು ಬರುವುದಿಲ್ಲ. ಮನೆಯಲ್ಲಿರುವ ಬೇರೆ ವೈನ್ ಹಾಕಬಹುದೆ? ಹಾಕಿದರೆ ಎಷ್ಟು? ರುಚಿ ಕೆಟ್ಟರೆ ಸರಿಪಡಿಸುವುದು ಹೇಗೆ?

ಹಾಕಬಹುದು. ವೈನ್ ಬದಲಿಸಿದ ಮಾತ್ರಕ್ಕೆ ಅಡುಗೆ ಕೆಡುವುದಿಲ್ಲ, ಯೋಚಿಸದೆ ಬದಲಿಸಿದರೆ ಕೆಡುತ್ತದೆ. ನೀವು ಕಲಿಯಬೇಕಾದ ನಿಯಮ ಒಂದೇ: ಆ ಅಡುಗೆಯಲ್ಲಿ ವೈನ್ ಯಾವ ಕೆಲಸ ಮಾಡುತ್ತಿದೆ ಎಂದು ಮೊದಲು ತಿಳಿದುಕೊಳ್ಳಿ, ಆಮೇಲೆ ಅದೇ ಕೆಲಸ ಮಾಡಬಲ್ಲ ಇನ್ನೊಂದನ್ನು ಹುಡುಕಿ. ಬಾಟಲಿಯ ಹೆಸರಾಗಲಿ ಬಣ್ಣವಾಗಲಿ ಆಮೇಲಿನ ಮಾತು.

ಹುಳಿಯ ವಿಷಯದಲ್ಲಿ ಈ ವಿವೇಕ ನಮಗೆ ಈಗಾಗಲೇ ಇದೆ. ಪಂದಿ ಕರಿಗೆ ಕಾಚಂಪುಳಿ ಸಿಗದ ಊರಿನಲ್ಲಿ ಹುಣಸೆಯನ್ನೋ ವಿನೆಗರನ್ನೋ ಹಾಕುವವರು ಎಷ್ಟು ಹುಳಿ ಬೇಕು, ಗಸಿ ಎಷ್ಟು ಕಪ್ಪಾಗಬೇಕು ಎಂದು ನೋಡಿಕೊಂಡೇ ಹಾಕುತ್ತಾರೆ. ವೈನಿಗೂ ಅದೇ ಕಣ್ಣು ಬೇಕು. ಆ ಕಣ್ಣನ್ನು ಪಳಗಿಸಿಕೊಳ್ಳಲು ನಾಲ್ಕು ಗುಣಗಳನ್ನು ತಿಳಿದರೆ ಸಾಕು.

ಹುಳಿ, ಸಿಹಿ, ಒಗರು, ಮದ್ಯಾಂಶ

ಮೊದಲನೆಯದು ಹುಳಿ. ದ್ರಾಕ್ಷಿಯಲ್ಲಿ ಸಹಜವಾಗಿಯೇ ಟಾರ್ಟಾರಿಕ್ ಆಮ್ಲವಿದೆ. ವೈನಿನ ಪಿಎಚ್ ಸಾಮಾನ್ಯವಾಗಿ 3ರಿಂದ 4ರ ನಡುವೆ ಇರುತ್ತದೆ. ಬೆಣ್ಣೆ, ಕೆನೆ, ಕೋಳಿಯ ಚರ್ಮದಿಂದ ಇಳಿದ ಕೊಬ್ಬು ಇವೆಲ್ಲ ನಾಲಿಗೆಯ ಮೇಲೆ ಭಾರವಾಗಿ ಕೂರುವಾಗ ಅದನ್ನು ಹಗುರ ಮಾಡುವುದು ಈ ಹುಳಿ. ಬಿಳಿ ವೈನ್ ಹಾಕುವ ಹೆಚ್ಚಿನ ಕೋಳಿ ಅಡುಗೆಗಳಲ್ಲಿ ವೈನಿನ ಮುಖ್ಯ ಕೆಲಸವೇ ಇದು.

ಎರಡನೆಯದು ಸಿಹಿ. ಹುದುಗುವಾಗ ಯೀಸ್ಟ್ ದ್ರಾಕ್ಷಿಯ ಸಕ್ಕರೆಯನ್ನು ತಿಂದು ಮದ್ಯಸಾರವಾಗಿ ಬದಲಿಸುತ್ತದೆ. ಬಹುಪಾಲು ತಿಂದು ಮುಗಿಸಿದರೆ ಅದು ‘ಡ್ರೈ’ ವೈನ್, ಅಂದರೆ ಸಿಹಿಯಿಲ್ಲದ ವೈನ್. ಅದರಲ್ಲಿ ಉಳಿಯುವ ಸಕ್ಕರೆ ಲೀಟರಿಗೆ ಸುಮಾರು 4 ಗ್ರಾಂ ಅಥವಾ ಅದಕ್ಕಿಂತ ಕಡಿಮೆ. ಸಿಹಿ ವೈನಿನಲ್ಲಿ ಲೀಟರಿಗೆ 100 ಗ್ರಾಂ ದಾಟುವುದೂ ಉಂಟು. ಲೆಕ್ಕ ಹಾಕಿ ನೋಡಿ: ಅಂಥ ವೈನನ್ನು ಅರ್ಧ ಲೀಟರ್ ಹಾಕಿದರೆ ಪಾತ್ರೆಗೆ 50 ಗ್ರಾಂ ಸಕ್ಕರೆ ಬಿದ್ದಂತೆ, ಅಂದರೆ ಹತ್ತು ಹನ್ನೆರಡು ಟೀ ಚಮಚ. ಡ್ರೈ ವೈನಾದರೆ ಅರ್ಧ ಚಮಚವೂ ಆಗುವುದಿಲ್ಲ. ನೀರು ಆವಿಯಾಗುತ್ತದೆ, ಸಕ್ಕರೆ ಆಗುವುದಿಲ್ಲ. ಬದಲಿ ವೈನ್ ಹಾಕಿದವರ ಅಡುಗೆ ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಮೂರನೆಯದು ಒಗರು. ಕೆಂಪು ವೈನನ್ನು ದ್ರಾಕ್ಷಿಯ ಸಿಪ್ಪೆ, ಬೀಜಗಳ ಜೊತೆಗೇ ಹುದುಗಿಸುತ್ತಾರೆ. ಬಣ್ಣ ಬರುವುದು ಸಿಪ್ಪೆಯಿಂದ, ಒಗರು ಬರುವುದು ಸಿಪ್ಪೆ ಮತ್ತು ಬೀಜಗಳಲ್ಲಿರುವ ಟ್ಯಾನಿನ್‌ನಿಂದ. ಚಹಾದಲ್ಲೂ ಅಡಿಕೆಯಲ್ಲೂ ಇರುವುದು ಇದೇ ಜಾತಿಯ ವಸ್ತು. ಟ್ಯಾನಿನ್ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಕುರಿಮಾಂಸ, ದನದ ಮಾಂಸದಂಥ ಗಟ್ಟಿ ರುಚಿಯ ಅಡುಗೆಯಲ್ಲಿ ಅದು ಹೊಂದಿಕೊಂಡು ಹೋಗುತ್ತದೆ. ಕೋಳಿಯದು ಮೆದು ರುಚಿ. ಹೆಚ್ಚು ಒಗರಿನ ವೈನನ್ನು ಬತ್ತಿಸಿದರೆ ಕೋಳಿಯ ರುಚಿ ಅಡಗಿ ಕಹಿ ಮೇಲೇಳುತ್ತದೆ.

ನಾಲ್ಕನೆಯದು ಮದ್ಯಾಂಶ ಮತ್ತು ಅದು ಹೊತ್ತು ತರುವ ಘಮ. ಕೆಲವು ಪರಿಮಳಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಮದ್ಯಸಾರದಲ್ಲಿ ಕರಗುತ್ತವೆ. ಗಿಡಮೂಲಿಕೆ, ಬೆಳ್ಳುಳ್ಳಿ, ಅಣಬೆಗಳ ಘಮವನ್ನು ಗಸಿಗೆ ಇಳಿಸಲು ಅದು ನೆರವಾಗುತ್ತದೆ. ಜೊತೆಗೆ ಒಂದೊಂದು ವೈನಿಗೂ ತನ್ನದೇ ಪರಿಮಳವಿದೆ: ಒಂದರಲ್ಲಿ ಹಣ್ಣು, ಇನ್ನೊಂದರಲ್ಲಿ ಹುರಿದ ಬಾದಾಮಿ, ಮತ್ತೊಂದರಲ್ಲಿ ಒಣದ್ರಾಕ್ಷಿ ಮತ್ತು ಸುಟ್ಟ ಸಕ್ಕರೆ.

ಯಾವ ಪಾಕವಿಧಾನ ಸಿಕ್ಕರೂ ಈ ನಾಲ್ಕನ್ನೂ ಒಂದೊಂದಾಗಿ ಕೇಳಿಕೊಳ್ಳಿ. ಇಲ್ಲಿ ವೈನ್ ಹುಳಿಗಾಗಿ ಇದೆಯೆ, ಸಿಹಿಗಾಗಿಯೆ, ಬಣ್ಣ ಮತ್ತು ಗಾಢತೆಗಾಗಿಯೆ, ಘಮಕ್ಕಾಗಿಯೆ? ಉತ್ತರ ಸಿಕ್ಕಿತೆಂದರೆ ಬದಲಿಯೂ ಅರ್ಧ ಸಿಕ್ಕಂತೆ.

ನಾಲ್ಕು ಚಮಚದ ಪರೀಕ್ಷೆ

ಲೋಟದಲ್ಲಿ ರುಚಿಸುವ ವೈನ್ ಬಾಣಲೆಯಲ್ಲಿ ಬತ್ತಿದ ಮೇಲೆ ಹೇಗಿರುತ್ತದೆ ಎಂದು ಹೊಸಬರಿಗೆ ಊಹಿಸುವುದು ಕಷ್ಟ. ಊಹಿಸುವುದೇ ಬೇಡ. ನಾಲ್ಕು ಟೇಬಲ್ ಚಮಚ ವೈನನ್ನು ಚಿಕ್ಕ ಸ್ಟೀಲ್ ಪಾತ್ರೆಯಲ್ಲಿ ಹಾಕಿ, ಸಣ್ಣ ಉರಿಯಲ್ಲಿ ಒಂದು ಚಮಚಕ್ಕೆ ಬತ್ತಿಸಿ. ಆರಿದ ಮೇಲೆ ನಾಲಿಗೆಗೆ ಹಚ್ಚಿ ನೋಡಿ. ಗಸಿಯಲ್ಲಿ ಉಳಿಯುವ ರುಚಿ ಹೆಚ್ಚುಕಡಿಮೆ ಅದೇ. ಹುಳಿ ಚುರುಕಾಗಿದ್ದು ಹಣ್ಣಿನ ರುಚಿ ಉಳಿದಿದ್ದರೆ ಧೈರ್ಯವಾಗಿ ಬಳಸಿ. ಪಾನಕದಂತೆ ಸಿಹಿಯಾಗಿದ್ದರೆ ಅಳತೆ ಇಳಿಸಬೇಕು. ಕಹಿ ನಾಲಿಗೆ ಹಿಡಿದರೆ ಆ ಬಾಟಲಿಯನ್ನು ಕೋಳಿಗೆ ಬಳಸದಿರುವುದೇ ಒಳ್ಳೆಯದು. ಓಕ್ ಮರದ ಪೀಪಾಯಿಯಲ್ಲಿ ಬಹುಕಾಲ ಇಟ್ಟ ಶಾರ್ಡೊನೆಯಂಥ ಬಿಳಿ ವೈನ್ ಕೂಡ ಬತ್ತಿದಾಗ ಕಹಿಯಾಗುವುದುಂಟು ಎಂಬುದು ಈ ಪರೀಕ್ಷೆಯಲ್ಲಿ ತಕ್ಷಣ ಗೊತ್ತಾಗುತ್ತದೆ. ಒಂದು ಕೋಳಿಯನ್ನು ಹಾಳು ಮಾಡುವುದಕ್ಕಿಂತ ನಾಲ್ಕು ಚಮಚ ವೈನ್ ಖರ್ಚು ಮಾಡುವುದು ಅಗ್ಗ.

ಬರ್ಗಂಡಿಯ ಕೆಂಪು ಕೋಳಿ

ವೈನ್ ಹಾಕಿದ ಕೋಳಿ ಅಡುಗೆಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಫ್ರಾನ್ಸಿನ ಕೋಕ್ ಓ ವ್ಯಾಂ. ಬಲಿತ ಹುಂಜವನ್ನು ವೈನಿನಲ್ಲಿ ಗಂಟೆಗಟ್ಟಲೆ ಬೇಯಿಸಿ ಮೆತ್ತಗಾಗಿಸುವ ಹಳ್ಳಿಯ ಅಡುಗೆ ಅದು. ಹಂದಿಮಾಂಸದ ಬೇಕನ್ ತುಂಡುಗಳು, ಚಿಕ್ಕ ಈರುಳ್ಳಿ, ಅಣಬೆ, ಥೈಮ್ ಮತ್ತು ಬೇ ಎಲೆ ಅದರ ಜೊತೆಗಾರರು. ಬರ್ಗಂಡಿ ಪ್ರಾಂತ್ಯದಲ್ಲಿ ಇದಕ್ಕೆ ಪಿನೋ ನ್ವಾರ್ ದ್ರಾಕ್ಷಿಯ ಕೆಂಪು ವೈನ್ ಹಾಕುತ್ತಾರೆ. ಒಂದೂವರೆ ಕಿಲೋ ಕೋಳಿಗೆ ಸುಮಾರು ಒಂದು ಬಾಟಲಿ, ಅಂದರೆ 750 ಮಿ.ಲೀ. ಬೇಕಾಗುತ್ತದೆ. ಇಲ್ಲಿ ಗಸಿಯ ಮೈಯೇ ವೈನ್. ಆದ್ದರಿಂದ ಬದಲಿಸುವಾಗ ಎಚ್ಚರವೂ ಹೆಚ್ಚು ಬೇಕು.

ಪಿನೋ ನ್ವಾರ್‌ನ ಗುಣವೇನು? ಹುಳಿ ಚೆನ್ನಾಗಿದೆ, ಸಿಹಿಯಿಲ್ಲ, ಒಗರು ಕಡಿಮೆ, ಹಣ್ಣಿನ ಘಮವಿದೆ. ಇದೇ ಗುಣದ ಬೇರೆ ಕೆಂಪು ವೈನ್‌ಗಳು ಹತ್ತಿರದ ಬದಲಿ. ಬರ್ಗಂಡಿಯ ಪಕ್ಕದಲ್ಲೇ ಇರುವ ಬೋಜೋಲೆಯಲ್ಲಿ ಗಾಮೇ ದ್ರಾಕ್ಷಿಯಿಂದ ಮಾಡುವ ವೈನ್ ಚೆನ್ನಾಗಿ ಹೊಂದುತ್ತದೆ. ಗ್ರೆನಾಶ್, ಮೃದುವಾದ ಮೆರ್ಲೋ ಕೂಡ ಆಗುತ್ತವೆ. ಇವನ್ನು ಅಷ್ಟಕ್ಕಷ್ಟೇ ಅಳತೆಯಲ್ಲಿ ಹಾಕಬಹುದು.

ಸಿಗುವುದು ಕ್ಯಾಬರ್ನೆ ಸಾವಿನ್ಯಾನ್ ಅಥವಾ ಶಿರಾಜ್ ಮಾತ್ರ ಎಂದಾದರೆ? ಇವುಗಳಲ್ಲಿ ಒಗರು ಜಾಸ್ತಿ. ಆಗ ವೈನ್ ಅರ್ಧ, ಉಪ್ಪು ಹಾಕದ ಕೋಳಿ ಸ್ಟಾಕ್ (ಕೋಳಿಯ ಎಲುಬು ಬೇಯಿಸಿ ಸೋಸಿದ ನೀರು) ಅರ್ಧ ಮಾಡಿ. ಈರುಳ್ಳಿ ಮತ್ತು ಗಜ್ಜರಿಯನ್ನು ಸ್ವಲ್ಪ ಹೆಚ್ಚು ಹಾಕಿ ಹೊಂಬಣ್ಣಕ್ಕೆ ಹುರಿಯಿರಿ, ಅವುಗಳ ಸಹಜ ಸಿಹಿ ಒಗರನ್ನು ತಗ್ಗಿಸುತ್ತದೆ. ವೈನನ್ನು ವಿಪರೀತ ಬತ್ತಿಸಬೇಡಿ. ಗಸಿ ಮಂದವಾಗಲು ಬೆಣ್ಣೆ ಮತ್ತು ಮೈದಾ ಸಮಪಾಲು ಕಲಸಿದ ಉಂಡೆಯನ್ನು ಕೊನೆಯಲ್ಲಿ ಕರಗಿಸಿ. ಆ ಬೆಣ್ಣೆಯೂ ಕಹಿಯನ್ನು ಮುಚ್ಚುತ್ತದೆ.

ಇಲ್ಲಿ ಕೋಳಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಬ್ರಾಯ್ಲರ್ ಕೋಳಿ ಮುಕ್ಕಾಲು ಗಂಟೆಯೊಳಗೆ ಬೆಂದುಬಿಡುತ್ತದೆ. ಅಷ್ಟರಲ್ಲಿ ವೈನಿನ ಹಸಿತನ ಪೂರ್ತಿ ಹೋಗಿರುವುದಿಲ್ಲ. ಆದ್ದರಿಂದ ಬ್ರಾಯ್ಲರ್ ಬಳಸುವವರು ವೈನನ್ನು ಮೊದಲೇ ತೆರೆದ ಪಾತ್ರೆಯಲ್ಲಿ ಕುದಿಸಿ ಮೂರರಲ್ಲಿ ಒಂದು ಪಾಲು ಬತ್ತಿಸಿ, ಆಮೇಲೆ ಕೋಳಿಗೆ ಸೇರಿಸಬೇಕು. ನಮ್ಮ ನಾಟಿ ಕೋಳಿಯ ಬಲಿತ ಹುಂಜ ಸಿಕ್ಕರೆ ಅದು ಈ ಅಡುಗೆಯ ಮೂಲಕ್ಕೆ ಹೆಚ್ಚು ಹತ್ತಿರ. ರಾತ್ರಿಯಿಡೀ ವೈನಿನಲ್ಲಿ ನೆನೆಸಿಟ್ಟು, ಎರಡು ಗಂಟೆಯೋ ಅದಕ್ಕೂ ಹೆಚ್ಚೋ ಸಣ್ಣ ಉರಿಯಲ್ಲಿ ಬೇಯಿಸಿದರೆ ಮಾಂಸವೂ ಮೆತ್ತಗಾಗುತ್ತದೆ, ಗಸಿಯೂ ಹದಕ್ಕೆ ಬರುತ್ತದೆ. ಬ್ರಾಯ್ಲರನ್ನು ಅಷ್ಟು ಹೊತ್ತು ನೆನೆಸುವ ಅಗತ್ಯವಿಲ್ಲ. ಹುಳಿಯಲ್ಲಿ ಹೆಚ್ಚು ನೆನೆದರೆ ಅದರ ಮೇಲ್ಮೈ ಹಿಟ್ಟುಹಿಟ್ಟಾಗುತ್ತದೆ.

ಒಂದೇ ಅಡುಗೆ, ಊರಿಗೊಂದು ವೈನ್

ಬರ್ಗಂಡಿಯಿಂದ ಈಶಾನ್ಯಕ್ಕೆ, ಜರ್ಮನಿಯ ಗಡಿಯಲ್ಲಿರುವ ಅಲ್ಸಾಸ್‌ಗೆ ಹೋದರೆ ಅಲ್ಲಿಯ ಜನ ಕೋಳಿಯನ್ನು ರೀಸ್ಲಿಂಗ್ ಎಂಬ ಬಿಳಿ ವೈನಿನಲ್ಲಿ ಬೇಯಿಸುತ್ತಾರೆ. ಸ್ವಿಟ್ಜರ್ಲೆಂಡಿನ ಗಡಿಯ ಜೂರಾದಲ್ಲಿ ವ್ಯಾಂ ಜೋನ್ ಎಂಬ ಹಳದಿ ವೈನ್ ಹಾಕುತ್ತಾರೆ. ಅಡುಗೆ ಹೆಚ್ಚುಕಡಿಮೆ ಒಂದೇ, ವೈನ್ ಅವರವರ ಊರಿನದು. ವೈನ್ ಬದಲಿಸುವುದು ತಪ್ಪು ಎಂದು ಅಂಜುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಆದರೆ ಇನ್ನೊಂದು ಸೂಕ್ಷ್ಮವನ್ನೂ ಗಮನಿಸಿ. ವೈನ್ ಬದಲಾದಾಗ ಜೊತೆಯ ಸಾಮಗ್ರಿಯೂ ಬದಲಾಗಿದೆ. ಕೆಂಪು ವೈನಿನ ಜೊತೆ ಬೇಕನ್ ಇತ್ತು. ರೀಸ್ಲಿಂಗ್‌ನ ಹುಳಿ ಚುರುಕು, ಅದನ್ನು ಸಮತೋಲನಕ್ಕೆ ತರಲು ಅಲ್ಸಾಸ್‌ನವರು ಕೆನೆ ಸೇರಿಸುತ್ತಾರೆ. ಜೂರಾದವರು ಕೆನೆಯ ಜೊತೆಗೆ ಮೋರೆಲ್ ಅಣಬೆ ಹಾಕುತ್ತಾರೆ. ಹಿಮಾಲಯದ ತಪ್ಪಲಿನಲ್ಲಿ ಗುಚ್ಚಿ ಎಂದು ಮಾರುವ ದುಬಾರಿ ಅಣಬೆಯೇ ಅದು. ಕೋಕ್ ಓ ವ್ಯಾಂ ಮಾಡಲು ಹೊರಟ ನಿಮ್ಮ ಮನೆಯಲ್ಲಿ ಬಿಳಿ ವೈನ್ ಮಾತ್ರ ಇದ್ದರೆ ಕೆಂಪಿನ ಪಾಕವಿಧಾನಕ್ಕೆ ಅದನ್ನು ಸುಮ್ಮನೆ ಸುರಿಯಬೇಡಿ. ಬೇಕನ್ ಕಡಿಮೆ ಮಾಡಿ, ಕೊನೆಯಲ್ಲಿ ಕೆನೆ ಸೇರಿಸಿ ಅಲ್ಸಾಸ್‌ನ ದಾರಿ ಹಿಡಿಯಿರಿ. ಅದು ಇನ್ನೊಂದು ಪೂರ್ಣ ಅಡುಗೆ. ಯಾವ ಕೊರತೆಯೂ ಅದರಲ್ಲಿಲ್ಲ.

ಬಿಳಿಯ ಜಾಗಕ್ಕೆ ಕೆಂಪು ಹಾಕುವುದು ಇಷ್ಟು ಸುಲಭವಲ್ಲ. ಕೆನೆ ಹಾಕಿದ ಗಸಿಗೆ ಕೆಂಪು ವೈನ್ ಬಿದ್ದರೆ ಕೋಳಿಯ ಬಿಳಿ ಮಾಂಸಕ್ಕೆ ಮಾಸಲು ನೇರಳೆ ಬಣ್ಣ ಹತ್ತುತ್ತದೆ, ಒಗರು ಕೆನೆಯ ಜೊತೆ ಜಗಳವಾಡುತ್ತದೆ. ಅದನ್ನು ಬಿಟ್ಟುಬಿಡಿ.

ಬಿಳಿ ವೈನಿಗೆ ಒಳ್ಳೆಯ ಬದಲಿ ಎಂದರೆ ಡ್ರೈ ವರ್ಮೂತ್. ಬಿಳಿ ವೈನಿಗೆ ಗಿಡಮೂಲಿಕೆಗಳ ಸಾರ ಮತ್ತು ಸ್ವಲ್ಪ ಮದ್ಯಸಾರ ಸೇರಿಸಿ ಮಾಡುವ ಪಾನೀಯ ಅದು. ಫ್ರೆಂಚ್ ಅಡುಗೆಯನ್ನು ಅಮೆರಿಕದ ಮನೆಗಳಿಗೆ ಕಲಿಸಿದ ಜೂಲಿಯಾ ಚೈಲ್ಡ್ 1961ರಲ್ಲಿ ಸಹಲೇಖಕಿಯರ ಜೊತೆ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ, ಒಳ್ಳೆಯ ಬಿಳಿ ವೈನ್ ಸಿಗದಿದ್ದರೆ ಡ್ರೈ ವರ್ಮೂತ್ ಬಳಸಬಹುದು ಎಂದು ಸೂಚಿಸಿದ್ದಾರೆ. ವರ್ಮೂತ್‌ನ ರುಚಿ ಗಾಢವಾದ್ದರಿಂದ ಅಳತೆ ಕಡಿಮೆ ಸಾಕು: ಬಿಳಿ ವೈನ್ ಒಂದು ಕಪ್ ಇದ್ದಲ್ಲಿ ವರ್ಮೂತ್ ಮೂರರಲ್ಲಿ ಎರಡು ಪಾಲು ಕಪ್, ಉಳಿದದ್ದು ಸ್ಟಾಕ್. ತೆರೆದ ಬಾಟಲಿ ಫ್ರಿಜ್‌ನಲ್ಲಿ ಒಂದೆರಡು ತಿಂಗಳು ಕೆಡದೆ ಇರುತ್ತದೆ ಎಂಬುದು ಇನ್ನೊಂದು ಅನುಕೂಲ. ಕೆಂಪು ವರ್ಮೂತ್ ಮಾತ್ರ ಸಿಹಿ, ಅದು ಇಲ್ಲಿ ಬೇಡ.

ಜೂರಾದ ಹಳದಿ ವೈನಿನ ಕಥೆ ಬೇರೆ. ಸವಾನ್ಯಾಂ ದ್ರಾಕ್ಷಿಯ ಈ ವೈನನ್ನು ಮಾರಾಟಕ್ಕೆ ಬಿಡುವ ಮುನ್ನ ಕನಿಷ್ಠ ಆರು ವರ್ಷ ಹಳೆಯದಾಗಿಸುತ್ತಾರೆ. ಪೀಪಾಯಿಯಲ್ಲಿ ವೈನಿನ ಮೇಲೆ ಯೀಸ್ಟಿನ ತೆಳು ಪದರ ಬೆಳೆದು ಅದಕ್ಕೆ ಅಕ್ರೋಟು, ಬಾದಾಮಿಯ ಘಮ ಕೊಡುತ್ತದೆ. ಇದಕ್ಕೆ ಸಾಮಾನ್ಯ ಬಿಳಿ ವೈನ್ ಬದಲಿಯಾಗಲಾರದು, ಆ ಘಮ ಅದರಲ್ಲಿಲ್ಲ. ಸ್ಪೇನಿನ ಹೆರೆಸ್ ಪಟ್ಟಣದ ಶೆರಿಯಲ್ಲಿ ಫಿನೋ ಎಂಬ ಬಗೆಯನ್ನೂ ಇಂಥದೇ ಯೀಸ್ಟ್ ಪದರದ ಕೆಳಗೆ ಬೆಳೆಸುತ್ತಾರೆ. ದ್ರಾಕ್ಷಿ ಬೇರೆ, ದೇಶ ಬೇರೆ, ಆದರೆ ಕೆಲಸ ಅದೇ. ಹಾಗಾಗಿ ಜೂರಾದ ಕೋಳಿಗೆ ಫಿನೋ ಅಥವಾ ಡ್ರೈ ಅಮೊಂತಿಯಾಡೋ ಶೆರಿ ಸರಿಯಾದ ಬದಲಿ. ನಾನು ಮೊದಲು ಹೇಳಿದ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಮಾರ್ಸಾಲಾ ಇಲ್ಲದ ಚಿಕನ್ ಮಾರ್ಸಾಲಾ

ಇಟಲಿಯ ಸಿಸಿಲಿ ದ್ವೀಪದ ಪಶ್ಚಿಮ ತುದಿಯಲ್ಲಿ ಮಾರ್ಸಾಲಾ ಎಂಬ ಬಂದರು ಪಟ್ಟಣವಿದೆ. 1773ರಲ್ಲಿ ಜಾನ್ ವುಡ್‌ಹೌಸ್ ಎಂಬ ಇಂಗ್ಲಿಷ್ ವ್ಯಾಪಾರಿ ಇಲ್ಲಿಯ ವೈನಿಗೆ ಮದ್ಯಸಾರ ಬೆರೆಸಿ, ಕಡಲ ಪ್ರಯಾಣದಲ್ಲಿ ಕೆಡದಂತೆ ಮಾಡಿ ಇಂಗ್ಲೆಂಡಿಗೆ ಕಳಿಸಿದ ಎಂದು ಅದರ ಚರಿತ್ರೆ ಹೇಳುತ್ತದೆ. ಹೀಗೆ ಮದ್ಯಸಾರ ಬೆರೆಸಿದ ಮಾರ್ಸಾಲಾದಲ್ಲಿ ಮದ್ಯಾಂಶ ಸಾಮಾನ್ಯವಾಗಿ ಶೇ. 17–18ರಷ್ಟಿರುತ್ತದೆ. ಮಾಮೂಲಿ ವೈನಿನಲ್ಲಿ ಶೇ. 12–14. ಮಾರ್ಸಾಲಾದಲ್ಲಿ ಸಿಹಿಯ ಮೂರು ಮಟ್ಟಗಳಿವೆ. ಲೀಟರಿಗೆ 40 ಗ್ರಾಂಗಿಂತ ಕಡಿಮೆ ಸಕ್ಕರೆ ಇದ್ದರೆ ಸೆಕ್ಕೊ, 40ರಿಂದ 100ರವರೆಗೆ ಸೆಮಿಸೆಕ್ಕೊ, ಅದಕ್ಕಿಂತ ಹೆಚ್ಚಿದ್ದರೆ ದೋಲ್ಚೆ. ಕೋಳಿಗೆ ಸೆಕ್ಕೊ ಹಾಕುತ್ತಾರೆ.

ಅಡುಗೆ ಸರಳ. ಕೋಳಿಯ ಎದೆಭಾಗವನ್ನು ತೆಳ್ಳಗೆ ತಟ್ಟಿ, ಮೈದಾ ಸವರಿ, ಬೆಣ್ಣೆಯಲ್ಲಿ ಎರಡೂ ಮಗ್ಗುಲು ಹುರಿದು ತೆಗೆದಿಡುತ್ತಾರೆ. ಅದೇ ಬಾಣಲೆಯಲ್ಲಿ ಅಣಬೆ ಹುರಿದು, ಮಾರ್ಸಾಲಾ ಸುರಿದು, ತಳಕ್ಕೆ ಹಿಡಿದ ಕಂದು ಸಾರವನ್ನು ಮರದ ಸೌಟಿನಿಂದ ಬಿಡಿಸಿ, ಅರ್ಧಕ್ಕೆ ಬತ್ತಿಸಿ, ಸ್ಟಾಕ್ ಸೇರಿಸಿ ಕೋಳಿಯನ್ನು ಮತ್ತೆ ಅದರಲ್ಲಿಡುತ್ತಾರೆ. ನಾಲ್ಕು ಜನರ ಅಡುಗೆಗೆ 180 ಮಿ.ಲೀ. ವೈನ್ ಸಾಕು. ಎಲ್ಲ ಸೇರಿ ಅರ್ಧ ಗಂಟೆ.

ಇಲ್ಲಿ ವೈನಿನ ಕೆಲಸ ಹುಳಿಗಿಂತ ಹೆಚ್ಚಾಗಿ ಹಿತವಾದ ಸಿಹಿ ಮತ್ತು ಸುಟ್ಟ ಸಕ್ಕರೆಯಂಥ ಘಮ. ಪೋರ್ಚುಗಲ್‌ನ ಮಡೈರಾ ದ್ವೀಪದ ವೈನಿನಲ್ಲೂ ಆ ಎರಡೂ ಇವೆ. ಅದನ್ನು ಬೇಕೆಂದೇ ಬಿಸಿಗೆ ಒಡ್ಡಿ ಹಳೆಯದಾಗಿಸುತ್ತಾರೆ. ಸಿಹಿ ಕಡಿಮೆಯಿರುವ ಮಡೈರಾ ಸಿಕ್ಕರೆ ಅಷ್ಟೇ ಅಳತೆಯಲ್ಲಿ ಹಾಕಿ, ಅದೇ ಅತ್ಯಂತ ಹತ್ತಿರದ ಬದಲಿ. ಅಮೊಂತಿಯಾಡೋ ಶೆರಿಯೂ ಚೆನ್ನ, ಆದರೆ ಅದರಲ್ಲಿ ಸಿಹಿಯಿಲ್ಲದ್ದರಿಂದ ಕಾಲು ಟೀ ಚಮಚ ಸಕ್ಕರೆ ಸೇರಿಸಿ. ಇವೆರಡೂ ಸಿಗದವರು 150 ಮಿ.ಲೀ. ಡ್ರೈ ಬಿಳಿ ವೈನಿಗೆ ಎರಡು ಟೇಬಲ್ ಚಮಚ ಬ್ರಾಂದಿ ಮತ್ತು ಅರ್ಧ ಟೀ ಚಮಚ ಬೆಲ್ಲ ಬೆರೆಸಿಕೊಳ್ಳಬಹುದು. ವೈನ್ ಹುಳಿ ಕೊಡುತ್ತದೆ, ಬ್ರಾಂದಿ ಗಾಢತೆ ಕೊಡುತ್ತದೆ, ಬೆಲ್ಲ ಸಿಹಿಯನ್ನೂ ಕಂದು ಬಣ್ಣವನ್ನೂ ಕೊಡುತ್ತದೆ. ಪೋರ್ಟ್ ವೈನ್ ಹಾಕಿದರೆ ಗಸಿ ಕೆಂಪಗಾಗಿ ಸಿಹಿ ಏರುತ್ತದೆ. ಅನಿವಾರ್ಯವಾದರೆ ಅರ್ಧ ಅಳತೆ ಹಾಕಿ, ಉಳಿದರ್ಧ ಸ್ಟಾಕ್ ತುಂಬಿ, ಕೊನೆಯಲ್ಲಿ ನಿಂಬೆರಸ ಹಿಂಡಿ.

ಅಕ್ಕಿಯ ವೈನ್‌ಗಳು

ಚೀನಾದ ಝೆಜಿಯಾಂಗ್ ಪ್ರಾಂತ್ಯದ ಶಾವ್‌ಶಿಂಗ್ ಪಟ್ಟಣದಲ್ಲಿ ಅಂಟು ಅಕ್ಕಿಯಿಂದ ಕಂದು ಬಣ್ಣದ ವೈನ್ ತಯಾರಾಗುತ್ತದೆ. ಕೋಳಿಯನ್ನು ಸೋಯಾ ಸಾಸ್‌ನಲ್ಲಿ ನೆನೆಸುವಾಗ, ಬೇಯಿಸುವಾಗ ಚೀನೀಯರು ಇದನ್ನು ಹಾಕುತ್ತಾರೆ. ಮಾಂಸದ ಹಸಿವಾಸನೆ ಕಳೆಯುವುದು, ಬಾದಾಮಿಯಂಥ ಘಮ ಕೊಡುವುದು ಅದರ ಕೆಲಸ. ಅಕ್ಕಿಯ ವೈನಿನ ಬದಲು ದ್ರಾಕ್ಷಿಯ ಬಿಳಿ ವೈನ್ ಹಾಕಿದರೆ ಹುಳಿ ಮೇಲೇಳುತ್ತದೆ. ಇಲ್ಲಿಯೂ ಡ್ರೈ ಶೆರಿಯೇ ಸರಿಯಾದ ಬದಲಿ, ಅಷ್ಟಕ್ಕಷ್ಟೇ ಅಳತೆ. ಅಂಗಡಿಯಲ್ಲಿ ‘ಕುಕಿಂಗ್ ವೈನ್’ ಎಂದು ಮಾರುವ ಬಾಟಲಿಗಳಲ್ಲಿ ಸಾಮಾನ್ಯವಾಗಿ ಉಪ್ಪು ಬೆರೆಸಿರುತ್ತಾರೆ. ಅದನ್ನು ಹಾಕುವಾಗ ಸೋಯಾ ಸಾಸ್ ಮತ್ತು ಉಪ್ಪನ್ನು ಇಳಿಸಿ.

ಜಪಾನಿನ ತೆರಿಯಾಕಿ ಕೋಳಿಗೆ ಬೇಕಾಗುವ ಮಿರಿನ್ ಸಿಹಿಯಾದ ಅಕ್ಕಿಯ ಮದ್ಯ. ಕೋಳಿಗೆ ಹೊಳಪು ಬರುವುದು ಅದರ ಸಕ್ಕರೆಯಿಂದ. ‘ಸಾಕೆ’ ಎಂಬ ಜಪಾನಿನ ಅಕ್ಕಿಯ ವೈನಿನ ಮೂರು ಚಮಚಕ್ಕೆ ಒಂದು ಚಮಚ ಸಕ್ಕರೆ ಕರಗಿಸಿದರೆ ಅದರ ಕೆಲಸ ನಡೆಯುತ್ತದೆ. ಸಾಕೆಯೂ ಸಿಗದಿದ್ದರೆ ಡ್ರೈ ಶೆರಿಗೆ ಅದೇ ಲೆಕ್ಕದಲ್ಲಿ ಸಕ್ಕರೆ ಹಾಕಿ.

ನಮ್ಮ ಅಂಗಡಿಯಲ್ಲಿ ಸಿಗುವ ಬಾಟಲಿಗಳು

ಕರ್ನಾಟಕದಲ್ಲಿರುವವರಿಗೆ ವಿದೇಶಿ ಬಾಟಲಿಯ ಹಂಗು ಈಗ ಹೆಚ್ಚಿಲ್ಲ. ನಂದಿ ಬೆಟ್ಟದ ತಪ್ಪಲಿನಿಂದ ಹಂಪಿಯ ಬಳಿಯ ಬೆಟ್ಟಗಳವರೆಗೆ ವೈನ್ ದ್ರಾಕ್ಷಿ ಬೆಳೆಯುತ್ತದೆ. ಸಾವಿನ್ಯಾನ್ ಬ್ಲಾಂಕ್, ಚೆನಿನ್ ಬ್ಲಾಂಕ್, ಶಿರಾಜ್, ಕ್ಯಾಬರ್ನೆ ಸಾವಿನ್ಯಾನ್ ನಮ್ಮಲ್ಲಿ ಸುಲಭವಾಗಿ ಸಿಗುವ ಹೆಸರುಗಳು. ಬಿಳಿ ವೈನ್ ಬೇಕಾದ ಯಾವುದೇ ಕೋಳಿ ಅಡುಗೆಗೆ ಸಾವಿನ್ಯಾನ್ ಬ್ಲಾಂಕ್ ಕಣ್ಣುಮುಚ್ಚಿ ತರಬಹುದು. ಅದರಲ್ಲಿ ಹುಳಿ ಚುರುಕು, ಸಿಹಿಯಿಲ್ಲ. ನಮ್ಮ ದೇಶದ ಹಲವು ಚೆನಿನ್ ಬ್ಲಾಂಕ್ ವೈನ್‌ಗಳಲ್ಲಿ ಸ್ವಲ್ಪ ಸಿಹಿ ಉಳಿಸಿರುತ್ತಾರೆ, ಲೇಬಲ್ ಓದಿ ಕೊಳ್ಳಿ. ಕೆನೆ ಹಾಕಿದ ಅಡುಗೆಗೆ ಆ ಸಿಹಿ ಒಪ್ಪುತ್ತದೆ, ನಿಂಬೆ ಹಿಂಡಿದರೆ ಇನ್ನೂ ಚೆನ್ನ.

ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮಾಡಿ ಕಡಿಮೆ ಬೆಲೆಗೆ ಮಾರುವ ‘ಪೋರ್ಟ್ ವೈನ್’ ಕೂಡ ಎಲ್ಲೆಡೆ ಸಿಗುತ್ತದೆ. ಅದು ಸಿಹಿ, ಆ ದ್ರಾಕ್ಷಿಯ ಗಾಢ ವಾಸನೆಯೂ ಅದರಲ್ಲಿರುತ್ತದೆ. ಕೋಕ್ ಓ ವ್ಯಾಂಗೆ ಅದನ್ನು ಒಂದು ಬಾಟಲಿ ಸುರಿದರೆ ಕೋಳಿ ಪಾಯಸವಾಗುತ್ತದೆ. ಕೊಡಗಿನ ಮನೆಗಳಲ್ಲಿ ಹಣ್ಣುಗಳಿಂದ ಮಾಡುವ ವೈನ್, ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ತಯಾರಾಗುವ ದ್ರಾಕ್ಷಿ ವೈನ್ ಕೂಡ ಹೆಚ್ಚಾಗಿ ಸಿಹಿಯೇ. ಇವು ಕುಡಿಯಲು ಬಲು ರುಚಿ. ಅಡುಗೆಯಲ್ಲಿ ಇವನ್ನು ಕಾಲು ಕಪ್ಪಿನ ಮಟ್ಟಕ್ಕೆ ಇಟ್ಟು, ಒಂದು ಚಮಚ ವಿನೆಗರ್ ಜೊತೆ ಬೆರೆಸಿ, ಹುರಿದ ಕೋಳಿಗೆ ಕೊನೆಯಲ್ಲಿ ಹೊಳಪು ಕೊಡಲು ಬಳಸಿ. ಅಲ್ಲಿ ಸಿಹಿಗೆ ಜಾಗವಿದೆ.

ಪಾತ್ರೆ, ಉರಿ, ತಿದ್ದುಪಡಿ

ವೈನ್ ಹುಳಿ ಪದಾರ್ಥ. ಬರಿಯ ಅಲ್ಯೂಮಿನಿಯಂ ಪಾತ್ರೆ ಮತ್ತು ಕಬ್ಬಿಣದ ಬಾಣಲೆಯಲ್ಲಿ ಅದನ್ನು ಬಹಳ ಹೊತ್ತು ಕುದಿಸಿದರೆ ಲೋಹದ ರುಚಿ ಇಳಿಯುತ್ತದೆ. ದಪ್ಪ ತಳದ ಸ್ಟೀಲ್ ಪಾತ್ರೆ ಅಥವಾ ಎನಾಮೆಲ್ ಪಾತ್ರೆ ಒಳ್ಳೆಯದು. ವೈನನ್ನು ಸ್ಟಾಕ್‌ಗಿಂತ ಮೊದಲು ಹಾಕಿ, ಮುಚ್ಚಳ ತೆರೆದು ಎರಡು ಮೂರು ನಿಮಿಷ ಕುದಿಸಿ. ಹಸಿಘಾಟು ಹೋಗುವುದು ಆಗಲೇ. ಬ್ರಾಂದಿ ಸುರಿಯುವಾಗ ಪಾತ್ರೆಯನ್ನು ಒಲೆಯಿಂದ ಇಳಿಸಿಕೊಳ್ಳಿ, ಅದರ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ಕೆನೆಯನ್ನು ವೈನ್ ಬತ್ತಿದ ನಂತರವೇ, ಉರಿ ತಗ್ಗಿಸಿ ಹಾಕಿ. ಕೊಬ್ಬು ಕಡಿಮೆಯಿದ್ದಷ್ಟೂ ಕೆನೆ ಒಡೆಯುವ ಸಾಧ್ಯತೆ ಹೆಚ್ಚು. ಹಾಲನ್ನಂತೂ ಹಾಕಲೇಬೇಡಿ.

ಎಲ್ಲ ಆದ ಮೇಲೂ ರುಚಿ ಸರಿ ಹೋಗದಿದ್ದರೆ ಗಾಬರಿಯಾಗಬೇಡಿ. ಹುಳಿ ಹೆಚ್ಚಾದರೆ ಒಂದು ತುಂಡು ಬೆಣ್ಣೆ ಅಥವಾ ಚಿಟಿಕೆ ಸಕ್ಕರೆ. ಸಿಹಿ ಹೆಚ್ಚಾದರೆ ನಿಂಬೆರಸ ಅಥವಾ ವಿನೆಗರ್. ಕಹಿ, ಒಗರು ಹೆಚ್ಚಾದರೆ ಸ್ಟಾಕ್, ಬೆಣ್ಣೆ ಮತ್ತು ಸ್ವಲ್ಪವೇ ಉಪ್ಪು, ಏಕೆಂದರೆ ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಸಪ್ಪೆಯಾಗಿದ್ದರೆ ಮೊದಲು ಉಪ್ಪು, ಆಮೇಲೆ ನಾಲ್ಕು ಹನಿ ನಿಂಬೆ. ಒಂದೊಂದೇ ಹಾಕಿ, ಪ್ರತಿ ಸಲ ರುಚಿ ನೋಡಿ.

ಉಳಿದ ವೈನನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಮೂರರಿಂದ ಐದು ದಿನ ಅಡುಗೆಗೆ ಯೋಗ್ಯ. ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟುಕೊಂಡರೆ ತಿಂಗಳುಗಟ್ಟಲೆ ಬೇಕಾದಾಗ ಎರಡೆರಡು ತುಂಡು ಬಳಸಬಹುದು. ಆಗ ಒಂದು ಅಡುಗೆಗಾಗಿ ಇಡೀ ಬಾಟಲಿ ತೆರೆಯುವ ಚಿಂತೆಯಿಲ್ಲ.

ವೈನ್ ಬೇಡದವರಿಗೆ

ಕುದಿಸಿದರೆ ಮದ್ಯಾಂಶ ಪೂರ್ತಿ ಹಾರಿಹೋಗುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಅದು ಸರಿಯಲ್ಲ. ಮದ್ಯಸಾರ 78 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕುದಿಯುವುದು ನಿಜ, ಆದರೆ ನೀರಿನ ಜೊತೆ ಬೆರೆತಾಗ ನಿಧಾನವಾಗಿ ಹೋಗುತ್ತದೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ, ಅಡುಗೆಯಲ್ಲಿ ಬೆರೆಸಿ 15 ನಿಮಿಷ ಬೇಯಿಸಿದಾಗ ಶೇ. 40, ಒಂದು ಗಂಟೆ ಬೇಯಿಸಿದಾಗ ಶೇ. 25, ಎರಡು ಗಂಟೆಗೆ ಶೇ. 10ರಷ್ಟು ಮದ್ಯಾಂಶ ಉಳಿದಿರುತ್ತದೆ. ಬೆಂಕಿ ಹೊತ್ತಿಸಿ ಉರಿಸಿದರೂ ಶೇ. 75 ಉಳಿಯುತ್ತದೆ. ಆದ್ದರಿಂದ ಅರ್ಧ ಗಂಟೆಯ ಚಿಕನ್ ಮಾರ್ಸಾಲಾದಲ್ಲಿ ಉಳಿಯುವ ಪಾಲು ಎರಡು ಗಂಟೆಯ ಹುಂಜದ ಅಡುಗೆಗಿಂತ ಹೆಚ್ಚು. ಮಕ್ಕಳಿಗೆ, ಬಸುರಿಯರಿಗೆ, ಧರ್ಮದ ಕಾರಣಕ್ಕೋ ಆರೋಗ್ಯದ ಕಾರಣಕ್ಕೋ ಮದ್ಯ ಬಿಟ್ಟವರಿಗೆ ಬಡಿಸುವಾಗ ಇದನ್ನು ಮರೆಯಬಾರದು.

ಅವರಿಗಾಗಿ ವೈನ್ ಇಲ್ಲದೆಯೇ ಅದರ ಕೆಲಸಗಳನ್ನು ಮಾಡಿಸಬಹುದು. ಬಿಳಿ ವೈನ್ ಒಂದು ಕಪ್ ಇದ್ದಲ್ಲಿ ಒಂದು ಕಪ್ ಕೋಳಿ ಸ್ಟಾಕ್‌ಗೆ ಒಂದು ಟೇಬಲ್ ಚಮಚ ನಿಂಬೆರಸ ಅಥವಾ ವಿನೆಗರ್ ಹಾಕಿ. ವಿನೆಗರನ್ನು ವೈನಿನಷ್ಟೇ ಅಳತೆಯಲ್ಲಿ ಎಂದೂ ಸುರಿಯಬೇಡಿ, ಅದರ ಆಮ್ಲ ವೈನಿನದಕ್ಕಿಂತ ಹಲವು ಪಟ್ಟು ಹೆಚ್ಚು. ಕೆಂಪು ವೈನಿಗೆ ಬದಲಾಗಿ ಅರ್ಧ ಕಪ್ ಸಕ್ಕರೆ ಹಾಕದ ಕಪ್ಪು ದ್ರಾಕ್ಷಿರಸ, ಅರ್ಧ ಕಪ್ ಸ್ಟಾಕ್, ಒಂದು ಟೇಬಲ್ ಚಮಚ ವಿನೆಗರ್ ಬೆರೆಸಿ. ಒಣ ಅಣಬೆ ನೆನೆಸಿದ ನೀರು ಸೇರಿಸಿದರೆ ಗಾಢತೆಯೂ ಬರುತ್ತದೆ. ಕೋಕ್ ಓ ವ್ಯಾಂನ ರುಚಿ ಹಾಗೆಯೇ ಬರುವುದಿಲ್ಲ, ಒಳ್ಳೆಯ ಕೋಳಿ ಅಡುಗೆ ಖಂಡಿತ ಬರುತ್ತದೆ.

ಹೊಸದಾಗಿ ಕಲಿಯುವವರು ಮೊದಲಿಗೆ ಚಿಕನ್ ಮಾರ್ಸಾಲಾದ ರೀತಿಯ ಚಿಕ್ಕ ಅಡುಗೆಯಿಂದ ಶುರುಮಾಡಿ. ಅದಕ್ಕೆ ವೈನ್ ಕಡಿಮೆ ಸಾಕು, ಹೊತ್ತೂ ಕಡಿಮೆ ಹಿಡಿಯುತ್ತದೆ, ತಪ್ಪಿದರೆ ನಷ್ಟವೂ ಕಡಿಮೆ. ಒಂದು ಬಾಟಲಿ ಡ್ರೈ ಬಿಳಿ ವೈನ್ ಮತ್ತು ಒಂದು ಬಾಟಲಿ ಡ್ರೈ ಶೆರಿ ಅಥವಾ ವರ್ಮೂತ್ ಮನೆಯಲ್ಲಿದ್ದರೆ ಇಲ್ಲಿ ಹೇಳಿದ ಹೆಚ್ಚಿನ ಕೋಳಿ ಅಡುಗೆಗಳನ್ನು ಮಾಡಬಹುದು. ಪಾಕವಿಧಾನ ಹೇಳಿದ ವೈನ್ ಇಲ್ಲವೆಂದು ಅಡುಗೆಯನ್ನೇ ಕೈಬಿಡಬೇಡಿ. ಹುಳಿ, ಸಿಹಿ, ಒಗರು, ಘಮ ನೋಡಿಕೊಂಡು ಬದಲಿಸಿ, ಧೈರ್ಯವಾಗಿ ಒಲೆ ಹಚ್ಚಿ.